ಕೂಲಿಯಿಲ್ಲದ ದುಡಿಮೆ

ದುಡಿದುದಕ್ಕೆ ಕೂಲಿ ಬೇಡವೆನ್ನುವವರನ್ನು ಕಂಡರೆ ಲೋಕಕ್ಕೆ ಸಂದೇಹ ಹುಟ್ಟುವುದು ಸಹಜವಾಗಿದೆ. ಅಂಥವರು ಬೇರಾವುದೋ ಲಾಭವನ್ನು ಮನಸ್ಸಿನಲ್ಲಿಟ್ಟುಕೊಂಡಿರಬೇಕು, ಇಲ್ಲವೆ ಅವರಿಗೆ ವ್ಯವಹಾರಜ್ಞಾನವೇ ಇರಲಿಕ್ಕಿಲ್ಲ ಎಂದು ಜನರು ತಿಳಿಯುವರು. ಆದರೆ ನಮ್ಮ ಊರುಗಳು ನಡೆದುಬಂದ ರೀತಿಯನ್ನು ತುಸು ನಿಂತು ನೋಡೋಣ. ಮದುವೆಯ ಮನೆಯಲ್ಲಿ ಸೆರಗು ಬಿಗಿದು ಬಡಿಸುವ ನೆರೆಮನೆಯ ತಾಯಂದಿರು, ಬೇಸಗೆಯ ಜಾತ್ರೆಯಲ್ಲಿ ಅರವಟ್ಟಿಗೆಯನ್ನಿಟ್ಟು ದಾರಿಗರಿಗೆ ನೀರು ಕೊಡುವ ತರುಣರು, ಒಬ್ಬರ ಹೊಲಕ್ಕೆ ಮತ್ತೊಬ್ಬರು ಮುಯ್ಯಾಳಾಗಿ ಹೋಗುವ ಒಕ್ಕಲಿಗರು, ಇವರಲ್ಲಿ ಯಾರು ಕೂಲಿಯನ್ನು ಕೇಳಿದ್ದಾರೆ? ಈ ಹಳೆಯ ಪದ್ಧತಿಯು ಗಣಕಯಂತ್ರಗಳ ಲೋಕದಲ್ಲಿಯೂ ಬೇರೂರಿ, ಇಂದು ನಮ್ಮ ನಿಮ್ಮೆಲ್ಲರ ಕೈಯಲ್ಲಿರುವ ಮೊಬೈಲಿನೊಳಗೂ ಬಂದು ಕುಳಿತಿದೆಯೆಂಬುದು ಬಹು ಜನರಿಗೆ ತಿಳಿಯದು. ಆ ಸಂಗತಿಯನ್ನು ವಾಚಕರ ಮುಂದೆ ನಿವೇದಿಸುವುದೇ ಈ ಬರವಣಿಗೆಯ ಉದ್ದೇಶವಾಗಿದೆ.

೨೦೨೪ನೆಯ ಇಸವಿಯ ಸೆಪ್ಟೆಂಬರ್ ೭ ಮತ್ತು ೮ನೆಯ ತಾರೀಖುಗಳಲ್ಲಿ ಬೆಂಗಳೂರಿನ ನಿಮ್ಹಾನ್ಸ್ ಸಮಾವೇಶ ಭವನದಲ್ಲಿ ‘ಇಂಡಿಯಾಫಾಸ್’ ಎಂಬ ಮುಕ್ತ ತಂತ್ರಾಂಶ ಸಮ್ಮೇಳನವು ನೆರೆಯಿತು. ಅಲ್ಲಿ ಕನ್ನಡದ ಅಕ್ಷರಗಳನ್ನೂ ಅನುವಾದವನ್ನೂ ಕುರಿತ ಒಂದು ಸಣ್ಣ ಮಳಿಗೆಯಲ್ಲಿ ಸ್ವಯಂಸೇವಕರಾಗಿ ನಿಲ್ಲಲು ನಾವು ನಾಲ್ವರು ಗೆಳೆಯರು ಒಪ್ಪಿಕೊಂಡಿದ್ದೆವು. ನಮ್ಮಲ್ಲಿ ಒಬ್ಬರು ಲಿಂಗಸುಗೂರಿನವರು, ಒಬ್ಬರು ಮಸ್ಕಿಯವರು, ಇಬ್ಬರು ಸಿಂಧನೂರಿನವರು. ಮೂರು ಊರುಗಳೂ ಒಂದೇ ಹೆದ್ದಾರಿಯ ಮೇಲೆ ಸಾಲಾಗಿರುವುದರಿಂದ ಒಂದೇ ರಾತ್ರಿಯ ಬಸ್ಸು ನಮ್ಮೆಲ್ಲರನ್ನೂ ಹತ್ತಿಸಿಕೊಂಡಿತು. ತೊಡಕು ಬಂದುದು ಬಸ್ಸಿನಿಂದಲ್ಲ, ಪಂಚಾಂಗದಿಂದ. ಸಮ್ಮೇಳನದ ಮೊದಲ ದಿನವೇ ಗಣೇಶ ಚತುರ್ಥಿ! ನಮ್ಮೊಬ್ಬರ ತಾಯಿಯವರು ಕಡುಬಿನ ಹಿಟ್ಟನ್ನು ಬೀಸಿಕೊಂಡು ಬಂದವರು ಬಾಗಿಲಲ್ಲಿಯೇ ನಿಂತು ಕೇಳಿದರು: “ಹಬ್ಬದ ದಿನ ಮನಿ ಬಿಟ್ಟು ಹೊಂಟೀರಿ, ರೊಕ್ಕರ ಏನು ಕೊಡ್ತಾರೇನಪಾ?” “ರೊಕ್ಕ ಇಲ್ಲಬೇ ಯವ್ವಾ.” “ಮತ್ಯಾಕ ಹೊಂಟೀರಿ?” ಆ ತಾಯಿಯ ಪ್ರಶ್ನೆ ನ್ಯಾಯವಾದುದು. ಬಸ್ಸು ಬಿಡುವ ಅವಸರದಲ್ಲಿ ಅದಕ್ಕೆ ತಕ್ಕ ಉತ್ತರ ಕೊಡಲಾಗಲಿಲ್ಲ. ಇಂತಹ ಪ್ರಶ್ನೆಯನ್ನು ಮನಸ್ಸಿನಲ್ಲಿಟ್ಟುಕೊಂಡ ತಾಯಿತಂದೆಗಳು ನಮ್ಮ ನಾಡಿನಲ್ಲಿ ಅನೇಕರಿರುವುದರಿಂದ ಅದನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳುತ್ತೇವೆ.

ಮೊದಲು ಮುಕ್ತ ತಂತ್ರಾಂಶವೆಂದರೇನೆಂಬುದನ್ನು ತಿಳಿಯಬೇಕು. ಹೊಲದಲ್ಲಿ ನೀರೆತ್ತುವ ಮೋಟಾರು ಸುಟ್ಟುಹೋದರೆ ರೈತನು ಅದನ್ನು ಬಿಚ್ಚಿ ಸಿಂಧನೂರಿನ ಪೇಟೆಗೆ ತರುತ್ತಾನೆ. ಅಲ್ಲಿಯ ಮೆಕ್ಯಾನಿಕನು ಹೊಸ ತಂತಿಯನ್ನು ಸುತ್ತಿ ಮರುದಿನವೇ ಕೊಡುತ್ತಾನೆ. ಆ ಮೋಟಾರನ್ನು ತಯಾರಕರ ಹೊರತು ಬೇರೆ ಯಾರೂ ಬಿಚ್ಚಕೂಡದು, ಬಿಚ್ಚಿದರೆ ಅಪರಾಧ ಎಂದು ಕರಾರಿದ್ದರೆ ರೈತನ ಗತಿಯೇನು? ಬೆಳೆ ಒಣಗುವವರೆಗೂ ಅವರ ದಾರಿಯನ್ನೇ ಕಾಯಬೇಕು. ಅವರು ಹೇಳಿದ ಬೆಲೆಯನ್ನೇ ತೆರಬೇಕು. ಗಣಕಯಂತ್ರವನ್ನು ನಡೆಸುವ ಆಜ್ಞೆಗಳ ಬರಹಕ್ಕೆ ತಂತ್ರಾಂಶವೆಂದು ಹೆಸರು. ಈ ಬರಹದ ಮೂಲವನ್ನು ಮುಚ್ಚಿಟ್ಟು ಮಾರುವ ಪದ್ಧತಿಯೊಂದು. ಮೂಲವನ್ನು ಎಲ್ಲರ ಮುಂದೆ ತೆರೆದಿಡುವ ಪದ್ಧತಿ ಇನ್ನೊಂದು. ಎರಡನೆಯದೇ ಮುಕ್ತ ತಂತ್ರಾಂಶ. ಅದನ್ನು ಯಾವ ಕೆಲಸಕ್ಕಾದರೂ ಬಳಸಬಹುದು, ಅದರ ಮೂಲವನ್ನು ಓದಿ ಬೇಕಾದಂತೆ ತಿದ್ದಿಕೊಳ್ಳಬಹುದು, ಪ್ರತಿಮಾಡಿ ನೆರೆಯವರಿಗೆ ಹಂಚಬಹುದು, ತಿದ್ದಿದ ಪ್ರತಿಯನ್ನೂ ಹಂಚಬಹುದು. ಇಂತಹ ಸ್ವಾತಂತ್ರ್ಯವನ್ನು ಮುಂದಿಟ್ಟು ಅಮೆರಿಕೆಯ ರಿಚರ್ಡ್ ಸ್ಟಾಲ್‌ಮನ್ನರು ೧೯೮೩ರಲ್ಲಿ ಗ್ನೂ ಎಂಬ ಯೋಜನೆಯನ್ನು ಸಾರಿದರು. ೧೯೯೧ರಲ್ಲಿ ಫಿನ್‌ಲೆಂಡಿನ ಹೆಲ್ಸಿಂಕಿಯ ವಿದ್ಯಾರ್ಥಿಯಾಗಿದ್ದ ೨೧ ವರ್ಷದ ಲಿನಸ್ ಟೊರ್ವಾಲ್ಡ್ಸ್ ಎಂಬವರು ಲಿನಕ್ಸ್ ಎಂಬ ತಿರುಳನ್ನು ಬರೆದು ಲೋಕದ ಮುಂದಿಟ್ಟರು. ಇಂದು ಆಂಡ್ರಾಯ್ಡ್ ಮೊಬೈಲುಗಳೆಲ್ಲವುಗಳ ಒಳಗಿರುವುದು ಅದೇ ಲಿನಕ್ಸಿನ ತಿರುಳು. ಹಾಗಾದರೆ ಇದು ನಮಗೆ ಸಂಬಂಧಪಡದ ಪರದೇಶದ ಮಾತೆಂದು ಹೇಳುವಂತಿಲ್ಲ.

ಕನ್ನಡಿಗರಿಗಂತೂ ಈ ಋಣ ಇನ್ನೂ ಹತ್ತಿರದ್ದು. ‘ಲಕ್ಷ್ಮಿ’ ಎಂಬ ಹೆಸರನ್ನೇ ತೆಗೆದುಕೊಳ್ಳಿರಿ. ನಮ್ಮ ಕಣ್ಣಿಗೆ ಅದು ಎರಡೇ ಅಕ್ಷರ. ಯಂತ್ರವು ಅದನ್ನು ಲಕಾರ, ಕಕಾರ, ಅದರ ಹಲಂತ, ಷಕಾರ, ಅದರ ಹಲಂತ, ಮಕಾರ, ಗುಡಿಸು ಎಂದು ಏಳು ಸಂಕೇತಗಳಾಗಿ ನೆನಪಿನಲ್ಲಿಡುತ್ತದೆ. ಲೋಕದ ಲಿಪಿಗಳಿಗೆಲ್ಲ ಇಂತಹ ಸಂಕೇತಗಳನ್ನು ಗೊತ್ತುಮಾಡಿಕೊಟ್ಟ ಯೂನಿಕೋಡಿನಲ್ಲಿ ೧೯೯೧ರ ಮೊದಲನೆಯ ಆವೃತ್ತಿಯಿಂದಲೂ ಕನ್ನಡಕ್ಕೆ ಸ್ಥಾನವಿದೆ. ಆದರೆ ಸಂಕೇತವಿದ್ದ ಮಾತ್ರಕ್ಕೆ ಅಕ್ಷರ ಮೂಡುವುದಿಲ್ಲ. ಯಾವ ಒತ್ತು ಯಾವ ಅಕ್ಷರದ ಕೆಳಗೆ, ಗುಡಿಸು ಯಾವುದರ ತಲೆಯ ಮೇಲೆ ಎಂದು ಜೋಡಿಸಿ ಕೊಡುವ ಕೈಯೊಂದು ಬೇಕು. ಆ ಕೆಲಸವನ್ನು ಆಂಡ್ರಾಯ್ಡ್ ಮೊಬೈಲುಗಳಲ್ಲಿಯೂ ಫೈರ್‌ಫಾಕ್ಸ್, ಕ್ರೋಮ್, ಲಿಬ್ರೆಆಫೀಸ್ ಮೊದಲಾದವುಗಳಲ್ಲಿಯೂ ಮಾಡುತ್ತಿರುವುದು ‘ಹಾರ್ಫ್‌ಬಜ್’ ಎಂಬ ಮುಕ್ತ ತಂತ್ರಾಂಶ. ಮಸ್ಕಿಯ ತಾಯಿಯೊಬ್ಬರು ಹೈದರಾಬಾದಿನಲ್ಲಿರುವ ಮಗಳಿಗೆ ಮೊಬೈಲಿನಲ್ಲಿ ಎರಡು ಸಾಲು ಕನ್ನಡ ಬರೆದು ಕಳುಹಿಸಿದಾಗ, ಅವರಿಬ್ಬರ ನಡುವೆ ಎಲ್ಲಿಯೋ ಕುಳಿತ ಹತ್ತಾರು ಅಪರಿಚಿತರ ಶ್ರಮ ಕೆಲಸಮಾಡುತ್ತಿರುತ್ತದೆ. ಅವರಲ್ಲಿ ಕೆಲವರಿಗೆ ಸಂಬಳವುಂಟು, ಅನೇಕರಿಗೆ ಇಲ್ಲ. ೨೦೦೩ರಲ್ಲಿ ಆರಂಭವಾದ ಕನ್ನಡ ವಿಕಿಪೀಡಿಯದ ೩೦,೦೦೦ಕ್ಕೂ ಹೆಚ್ಚಿನ ಲೇಖನಗಳನ್ನು ಬರೆದವರೂ ತಿದ್ದಿದವರೂ ಬಹುಮಟ್ಟಿಗೆ ಇಂತಹ ಸ್ವಯಂಸೇವಕರೇ ಆಗಿದ್ದಾರೆ.

ಬರಹವನ್ನು ಎಲ್ಲರ ಮುಂದೆ ತೆರೆದಿಡುವ ಪದ್ಧತಿಯು ನಮ್ಮ ಸೀಮೆಗೆ ಹೊಸದಲ್ಲವೆಂದರೆ ವಾಚಕರು ಆಶ್ಚರ್ಯಪಡಬಹುದು. ಮಸ್ಕಿಯ ಬೆಟ್ಟದ ಬಂಡೆಯ ಮೇಲೆ ಮೌರ್ಯ ಚಕ್ರವರ್ತಿಯಾದ ಅಶೋಕನ ಶಾಸನವಿದೆ. ಧರ್ಮದಿಂದ ದೊರೆಯುವ ಮೇಲ್ಮೆ ದೊಡ್ಡವರಿಗೆ ಮಾತ್ರ ಮೀಸಲಲ್ಲ, ಸಣ್ಣವರಿಗೂ ಅದು ಸಾಧ್ಯ, ಇಬ್ಬರಿಗೂ ಇದನ್ನು ತಿಳಿಸಬೇಕು ಎಂಬುದು ಅದರ ತಾತ್ಪರ್ಯ. ಕಾಲಾಂತರದಲ್ಲಿ ಆ ಬ್ರಾಹ್ಮೀ ಲಿಪಿಯನ್ನು ಓದಬಲ್ಲವರೇ ಇಲ್ಲದಂತಾಯಿತು. ೧೮೩೭ರಲ್ಲಿ ಜೇಮ್ಸ್ ಪ್ರಿನ್ಸೆಪ್ ಎಂಬವರು ಅದನ್ನು ಮತ್ತೆ ಓದಿ, ಓದಿದ ಬಗೆಯನ್ನು ಪ್ರಕಟಿಸಿದರು. ೧೯೧೫ರಲ್ಲಿ ಚಿನ್ನದ ಅದಿರನ್ನು ಹುಡುಕುತ್ತ ಬಂದ ಸಿ. ಬೀಡನ್ ಎಂಬ ಇಂಜಿನಿಯರು ಮಸ್ಕಿಯ ಬಂಡೆಯನ್ನು ಕಂಡರು. ದೇವಾನಾಂಪ್ರಿಯನೆಂಬ ಬಿರುದಿನೊಡನೆ ಅಶೋಕನೆಂಬ ಹೆಸರೂ ಮೊದಲು ದೊರೆತದ್ದು ಅಲ್ಲಿಯೇ. ಬರೆದವನು ಒಬ್ಬ, ಓದುವ ಬಗೆಯನ್ನು ಕಂಡವನು ಇನ್ನೊಬ್ಬ, ಬಂಡೆಯನ್ನು ಹುಡುಕಿಕೊಟ್ಟವನು ಮತ್ತೊಬ್ಬ. ಮೂವರಿಗೂ ಒಬ್ಬರ ಪರಿಚಯ ಒಬ್ಬರಿಗಿರಲಿಲ್ಲ. ತೆರೆದಿಟ್ಟ ಬರಹವು ಬಾಳುವುದು ಹೀಗೆ ಹಲವರ ಕೈಯಿಂದ. ಲಿಪಿಯನ್ನು ಬಲ್ಲವರು ಇಲ್ಲವಾದರೆ ಬಂಡೆಯಿದ್ದೂ ಶಾಸನವಿಲ್ಲದಂತಾಗುವುದು. ಮುಕ್ತ ತಂತ್ರಾಂಶಕ್ಕೂ ಇದೇ ಅಪಾಯವಿದೆ. ಮೂಲಬರಹ ತೆರೆದಿದ್ದರೂ ಅದನ್ನು ಓದುವವರೂ ತಿದ್ದುವವರೂ ಹೊಸದಾಗಿ ಹುಟ್ಟುತ್ತಲೇ ಇರಬೇಕು. ಸಮ್ಮೇಳನಗಳೂ ಮಳಿಗೆಗಳೂ ಇರುವುದು ಇದಕ್ಕಾಗಿಯೇ.

ಇಂತಹ ಕೂಟಗಳಿಗೆ ಬೆಂಗಳೂರು ಬಹುಕಾಲದಿಂದ ನೆಲೆಯಾಗಿದೆ. ೨೦೦೧ರಲ್ಲಿ ‘ಲಿನಕ್ಸ್ ಬೆಂಗಳೂರು’ ಎಂಬ ಹೆಸರಿನಿಂದ ಮೊದಲಾದ ಸಮ್ಮೇಳನವು ೨೦೦೫ರಿಂದ ‘ಫಾಸ್ ಡಾಟ್ ಇನ್’ ಎಂದು ಹೆಸರು ಬದಲಿಸಿ ೨೦೧೨ರವರೆಗೆ ನಡೆಯಿತು. ಅದರ ಮುಂದಾಳುಗಳಲ್ಲಿ ಪ್ರಮುಖರಾಗಿದ್ದ ಅತುಲ್ ಚಿಟ್ಣೀಸರು ೨೦೧೩ರಲ್ಲಿ ತೀರಿಕೊಂಡರು. ೨೦೨೦ರಲ್ಲಿ ಹುಟ್ಟಿದ ಫಾಸ್ ಯುನೈಟೆಡ್ ಎಂಬ ಸಂಸ್ಥೆಯು ಈಗಿನ ಇಂಡಿಯಾಫಾಸ್ ಸಮ್ಮೇಳನವನ್ನು ನಡೆಸುತ್ತದೆ. ಹೊರನಾಡಿನಲ್ಲಿ ಬೆಲ್ಜಿಯಮ್ಮಿನ ಬ್ರಸೆಲ್ಸ್ ನಗರದ ವಿಶ್ವವಿದ್ಯಾಲಯದಲ್ಲಿ ವರುಷಕ್ಕೊಮ್ಮೆ ನೆರೆಯುವ ಫಾಸ್‌ಡೆಮ್ ಎಂಬ ಕೂಟವು ಬಹು ಪ್ರಸಿದ್ಧವಾದುದು. ಸಾವಿರಾರು ಜನ ಸೇರುವ ಆ ಕೂಟಕ್ಕೆ ಪ್ರವೇಶಧನವಿಲ್ಲ, ಹೆಸರು ನೋಂದಾಯಿಸಬೇಕೆಂಬ ಕಟ್ಟಳೆಯೂ ಇಲ್ಲ. ಅದನ್ನು ನಡೆಸುವವರು ಸ್ವಯಂಸೇವಕರು.

ಇನ್ನು ಮಳಿಗೆಯ ಮಾತು. ಮಳಿಗೆಯೆಂದೊಡನೆ ದೊಡ್ಡ ಅಂಗಡಿಯೊಂದನ್ನು ಊಹಿಸಿಕೊಳ್ಳಬೇಕಾಗಿಲ್ಲ. ಒಂದು ಮೇಜು, ಅದರ ಮೇಲೊಂದು ಬಟ್ಟೆ, ಹಿಂದೆ ನಿಲ್ಲಿಸಿದ ಒಂದು ಫಲಕ, ಎರಡು ಲ್ಯಾಪ್‌ಟಾಪುಗಳು, ಒಂದು ಎಕ್ಸ್‌ಟೆನ್ಷನ್ ಬೋರ್ಡು, ಕೆಲವು ಕರಪತ್ರಗಳು, ಹುಡುಗರು ಮುಗಿಬಿದ್ದು ಕೇಳುವ ಸ್ಟಿಕರುಗಳು, ಇಷ್ಟೇ ಅದರ ಸಾಮಗ್ರಿ. ಒಳಗಿನ ಸಭಾಂಗಣದಲ್ಲಿ ಪಂಡಿತರ ಉಪನ್ಯಾಸಗಳು ನಡೆಯುತ್ತಿರುವಾಗ ಹೊರಗಿನ ಮಳಿಗೆಗಳಲ್ಲಿ ಸಾಮಾನ್ಯರ ಸಂಭಾಷಣೆ ನಡೆಯುತ್ತದೆ. ಉಪನ್ಯಾಸದಲ್ಲಿ ಎದ್ದು ನಿಂತು ಪ್ರಶ್ನೆ ಕೇಳಲು ನಾಚುವವನು ಮಳಿಗೆಯ ಮುಂದೆ ಮೆಲ್ಲಗೆ ಕೇಳಿಯೇಬಿಡುತ್ತಾನೆ. ಮಳಿಗೆಯ ಬೆಲೆಯಿರುವುದು ಇದರಲ್ಲಿಯೇ.

ನಾಲ್ವರಿದ್ದುದರಿಂದ ನಾವು ಕೆಲಸವನ್ನು ಹೀಗೆ ಹಂಚಿಕೊಂಡೆವು. ಒಬ್ಬರು ಮೇಜಿನ ಮುಂದೆ ನಿಂತು ಬಂದವರನ್ನು ಮಾತನಾಡಿಸುವುದು. ಒಬ್ಬರು ಯಂತ್ರದಲ್ಲಿ ಮಾಡಿ ತೋರಿಸುವುದು. ಮೂರನೆಯವರು ನೋಟುಬುಕ್ಕನ್ನು ಹಿಡಿದು ಬಂದವರ ಪ್ರಶ್ನೆಗಳನ್ನೂ ದೂರುಗಳನ್ನೂ ಬರೆದುಕೊಳ್ಳುವುದು. ನಾಲ್ಕನೆಯವರು ಊಟಮಾಡುವುದು, ಉಪನ್ಯಾಸ ಕೇಳುವುದು, ಕಾಲು ಚಾಚಿ ಕೂಡುವುದು. ಗಂಟೆಗೊಮ್ಮೆ ಸ್ಥಾನಗಳು ಬದಲಾಗುತ್ತಿದ್ದವು. ಒಂಟಿಯಾಗಿ ಬಂದವರು ಮಧ್ಯಾಹ್ನದ ಹೊತ್ತಿಗೆ ದಣಿದು ಕುರ್ಚಿಯಲ್ಲಿ ಕುಸಿಯುತ್ತಾರೆ. ಕುರ್ಚಿಯಲ್ಲಿ ಕುಳಿತು ಮೊಬೈಲು ನೋಡುತ್ತಿರುವವನ ಮಳಿಗೆಗೆ ಯಾರೂ ಬರುವುದಿಲ್ಲ. ಗೆಳೆಯರೊಡನೆ ಹೋಗುವುದರ ಉಪಯೋಗ ಇಲ್ಲಿ ಕಾಣುವುದು. ನಮ್ಮಲ್ಲಿ ಅತಿ ಸಂಕೋಚದ ಸ್ವಭಾವದವರೊಬ್ಬರು ಮೊದಲ ದಿನ ನೋಟುಬುಕ್ಕನ್ನು ಬಿಟ್ಟು ಕದಲಲಿಲ್ಲ. ಎರಡನೆಯ ದಿನ ಮಧ್ಯಾಹ್ನ ನಾವು ಊಟ ಮುಗಿಸಿ ಬಂದಾಗ ಅವರೇ ಹತ್ತು ಜನರ ನಡುವೆ ನಿಂತು ಒತ್ತಕ್ಷರದ ಮರ್ಮವನ್ನು ಬಿಡಿಸಿ ಹೇಳುತ್ತಿದ್ದರು.

ಇನ್ನೊಂದು ನಿಯಮವನ್ನೂ ಮಾಡಿಕೊಂಡಿದ್ದೆವು. ತಿಳಿಯದ ಪ್ರಶ್ನೆ ಬಂದರೆ ತಿಳಿದವರಂತೆ ನಟಿಸಕೂಡದು. ಅದನ್ನು ಬರೆದುಕೊಂಡು, ತಿಳಿದವರ ಬಳಿಗೆ ಕರೆದೊಯ್ಯಬೇಕು. ಇದರಿಂದ ನಮ್ಮ ಮಾನವೇನೂ ಹೋಗಲಿಲ್ಲ. ಬದಲಾಗಿ ಕೇಳಿದವರಿಗೂ ನಮಗೂ ಏಕಕಾಲದಲ್ಲಿ ಪಾಠವಾಗುತ್ತಿತ್ತು.

ಬಂದವರ ಬಗೆ ಹಲವು. ಬೆಂಗಳೂರಿನಲ್ಲಿಯೇ ಹುಟ್ಟಿ ಬೆಳೆದ ಕಾಲೇಜಿನ ಹುಡುಗಿಯೊಬ್ಬಳು ಸ್ವಚ್ಛವಾದ ಕನ್ನಡದಲ್ಲಿ ಮಾತನಾಡಿದಳು, ಆದರೆ ಓದಲು ಬರುವುದಿಲ್ಲವೆಂದಳು. ತನ್ನ ಹೆಸರನ್ನು ಕನ್ನಡದಲ್ಲಿ ತಾನೇ ಒತ್ತಿ ಮೂಡಿಸಿ ಬಹಳ ಹೊತ್ತು ನೋಡುತ್ತ ನಿಂತಳು. ತಮಿಳುನಾಡಿನಿಂದ ಬಂದ ತಂತ್ರಜ್ಞರೊಬ್ಬರು, ತಾವು ಬರೆಯುತ್ತಿರುವ ತಂತ್ರಾಂಶದಲ್ಲಿ ಕನ್ನಡ ಸರಿಯಾಗಿ ಮೂಡುತ್ತದೆಯೇ ಎಂದು ಪರೀಕ್ಷಿಸಲು ಯಾವ ಯಾವ ಪದಗಳನ್ನು ಬಳಸಬೇಕೆಂದು ಕೇಳಿದರು. ನಾವು ರಾಷ್ಟ್ರ, ಅರ್ಥ, ಸ್ತ್ರೀ, ಲಕ್ಷ್ಮಿ ಎಂದು ಪಟ್ಟಿಮಾಡಿ ಕೊಟ್ಟೆವು. ಆ ಚೀಟಿಯನ್ನು ಅವರು ಹಣದ ನೋಟಿನಂತೆ ಜೋಪಾನವಾಗಿ ಮಡಚಿ ಜೇಬಿನಲ್ಲಿಟ್ಟುಕೊಂಡರು.

ಎಲ್ಲರಿಗಿಂತ ಹೆಚ್ಚಾಗಿ ಮನಸ್ಸಿನಲ್ಲಿ ನಿಂತವರು ನಿವೃತ್ತ ಉಪಾಧ್ಯಾಯರೊಬ್ಬರು. ಅವರ ಕೈಯಲ್ಲಿ ಮುದ್ರಿತ ಚೀಟಿಯೊಂದಿತ್ತು. ಅದರಲ್ಲಿ ಅವರ ಪತ್ನಿಯ ಹೆಸರಿನ ಒತ್ತಕ್ಷರಗಳು ಬಿಡಿಬಿಡಿಯಾಗಿ ಒಡೆದು, ಓದಿದರೆ ಬೇರೆಯೇ ಹೆಸರೆನ್ನುವಂತೆ ಅಚ್ಚಾಗಿತ್ತು. “ನಲವತ್ತು ವರ್ಷ ಮಕ್ಕಳಿಗೆ ಕಾಗುಣಿತ ಕಲಿಸಿದ್ದೇನಪ್ಪಾ. ನಮ್ಮ ಮನೆಯವರ ಹೆಸರನ್ನೇ ಈ ಯಂತ್ರ ಹೀಗೆ ಬರೆದರೆ ಯಾರಿಗೆ ಹೇಳಲಿ?” ಎಂದು ಕೇಳಿದರು. ಅಕ್ಷರಗಳನ್ನು ಜೋಡಿಸುವ ಭಾಗವಿಲ್ಲದ ತಂತ್ರಾಂಶದಿಂದ ಅಚ್ಚುಹಾಕಿದರೆ ಹೀಗಾಗುವುದೆಂದು ನಾವು ಅದೇ ಹೆಸರನ್ನು ಎರಡು ಬಗೆಯಾಗಿ ಮೂಡಿಸಿ ತೋರಿಸಿದೆವು. ಮುಚ್ಚಿದ ತಂತ್ರಾಂಶವಾದರೆ ತಯಾರಿಸಿದವರಿಗೆ ಬರೆದು ಕಾಯಬೇಕು. ಮುಕ್ತವಾದುದಾದರೆ ದೋಷವನ್ನು ಬಹಿರಂಗವಾಗಿ ದಾಖಲಿಸಬಹುದು. ಬಲ್ಲವರಾದರೆ ತಾವೇ ತಿದ್ದಿ ಕಳುಹಿಸಲೂಬಹುದು. ದೋಷವನ್ನು ವರದಿಮಾಡುವ ಕ್ರಮವನ್ನು ಅವರು ನಮ್ಮೆದುರೇ ಕಲಿತು, ಕನ್ನಡಕವನ್ನು ಏರಿಸಿಕೊಂಡು ಒಂದೊಂದೇ ಅಕ್ಷರ ಒತ್ತಿ ಮೊದಲ ವರದಿಯನ್ನು ತಾವೇ ಬರೆದರು. ಕಾಗುಣಿತ ಬಲ್ಲ ಇಂತಹವರೇ ಕನ್ನಡದ ತಂತ್ರಾಂಶಗಳಿಗೆ ಬೇಕಾದವರು. ಸಂಕೇತ ಬರೆಯಬಲ್ಲ ತರುಣರು ಅನೇಕರಿರುವರು. ಅರ್ಕಾವೊತ್ತು ತಪ್ಪಾದುದನ್ನು ದೂರದಿಂದಲೇ ಗುರುತಿಸುವ ಕಣ್ಣುಗಳು ಕಡಿಮೆ.

ಈ ಸೇವೆಯಲ್ಲಿ ಕಷ್ಟವಿಲ್ಲವೆಂದು ಹೇಳಿ ವಾಚಕರನ್ನು ವಂಚಿಸುವುದು ನಮಗೆ ಸಮ್ಮತವಲ್ಲ. ದೊಡ್ಡ ದೊಡ್ಡ ಕಂಪನಿಗಳು ಮುಕ್ತ ತಂತ್ರಾಂಶವನ್ನು ಬಳಸಿ ಕೋಟಿಗಟ್ಟಲೆ ಗಳಿಸುತ್ತವೆ. ಅವುಗಳಲ್ಲಿ ಕೆಲವು ಅದನ್ನು ಬರೆಯುವವರಿಗೆ ಸಂಬಳ ಕೊಟ್ಟು ಋಣ ತೀರಿಸುತ್ತವೆಯಾದರೂ ಎಲ್ಲವೂ ಹಾಗಲ್ಲ. ೨೦೨೪ರ ಮಾರ್ಚಿಯಲ್ಲಿ ನಡೆದ ಸಂಗತಿಯೊಂದು ಲೋಕದ ಕಣ್ಣು ತೆರೆಸಿತು. ಕಡತಗಳನ್ನು ಕುಗ್ಗಿಸಿಡುವ ಎಕ್ಸ್‌ಜೆಡ್ ಎಂಬ ಉಪಕರಣವು ಲಿನಕ್ಸ್ ಯಂತ್ರಗಳಲ್ಲಿ ಬಹುಮಟ್ಟಿಗೆ ಎಲ್ಲೆಡೆಯೂ ಇದೆ. ಅದನ್ನು ವರ್ಷಾನುಗಟ್ಟಲೆ ನೋಡಿಕೊಂಡವರು ಹೆಚ್ಚುಕಡಮೆ ಒಬ್ಬರೇ, ಅದೂ ಸಂಬಳವಿಲ್ಲದೆ. ಅವರು ದಣಿದಿದ್ದಾಗ ನೆರವಿನ ಸೋಗಿನಿಂದ ಬಂದ ಒಬ್ಬ ಅಪರಿಚಿತನು ಎರಡು ವರ್ಷಕ್ಕೂ ಮೇಲ್ಪಟ್ಟು ವಿಶ್ವಾಸವನ್ನು ಗಳಿಸಿ, ಕೊನೆಗೆ ಅದರೊಳಗೆ ಕಳ್ಳಬಾಗಿಲೊಂದನ್ನು ಇಟ್ಟನು. ಆಂಡ್ರೆಸ್ ಫ್ರಾಯಿಂಡ್ ಎಂಬ ಇಂಜಿನಿಯರು ಯಂತ್ರದೊಳಗೆ ಪ್ರವೇಶಿಸಲು ಸುಮಾರು ಅರ್ಧ ಸೆಕೆಂಡು ಹೆಚ್ಚು ತಗಲುತ್ತಿರುವುದನ್ನು ಗಮನಿಸಿ, ಜಾಡು ಹಿಡಿದು ಹುಡುಕಿ, ಆ ಮೋಸವನ್ನು ಬಯಲಿಗೆಳೆದರು. ಅದು ಲೋಕವೆಲ್ಲ ಹರಡುವ ಮೊದಲೇ ತಡೆಯುವುದು ಸಾಧ್ಯವಾಯಿತು. ಮೂಲಬರಹ ತೆರೆದಿದ್ದುದರಿಂದಲೇ ಕಳ್ಳನನ್ನು ಹಿಡಿಯಲಾಯಿತೆಂಬುದು ನಿಜ. ಒಬ್ಬನ ಹೆಗಲ ಮೇಲೆ ಹತ್ತು ಜನರ ಹೊರೆಯನ್ನಿಟ್ಟುದರಿಂದಲೇ ಕಳ್ಳನಿಗೆ ದಾರಿಯಾಯಿತೆಂಬುದೂ ಅಷ್ಟೇ ನಿಜ. ಮುಯ್ಯಾಳಿನ ಪದ್ಧತಿಯಲ್ಲಿಯೂ ಒಬ್ಬನೇ ಯಾವಾಗಲೂ ದುಡಿದು ಉಳಿದವರು ಉಣ್ಣುತ್ತಿದ್ದರೆ ಆ ಪದ್ಧತಿ ಮುರಿದುಬೀಳುವುದು. ಆದಕಾರಣ ಹೊಸ ಕೈಗಳನ್ನು ಕೂಡಿಸುವುದೇ ಇಂದು ಈ ಸೇವೆಯ ಮೊದಲ ಕೆಲಸವಾಗಿದೆ. ಮಳಿಗೆಯ ಮುಂದೆ ನಿಲ್ಲುವುದು ಬರಿಯ ಪ್ರದರ್ಶನವಲ್ಲ. ದಣಿದವನ ಹೊರೆಗೆ ಹೆಗಲು ಕೊಡುವವರನ್ನು ಹುಡುಕುವ ಕಾರ್ಯ.

ನಮ್ಮ ಸೀಮೆಯ ಗೃಹಸ್ಥರಿಗೆ ಇದರಿಂದ ಆಗುವ ಪ್ರಯೋಜನವೇನೆಂದು ಕೇಳಬಹುದು. ಮೈಕ್ರೋಸಾಫ್ಟ್ ಕಂಪನಿಯು ವಿಂಡೋಸ್ ೧೦ಕ್ಕೆ ಕೊಡುತ್ತಿದ್ದ ಸಾಮಾನ್ಯ ಬೆಂಬಲವನ್ನು ೨೦೨೫ರ ಅಕ್ಟೋಬರ್ ೧೪ರಂದು ನಿಲ್ಲಿಸಿತು. ಹೊಸ ಆವೃತ್ತಿಗೆ ಒಗ್ಗದ ಹಳೆಯ ಕಂಪ್ಯೂಟರುಗಳು ಮನೆಗಳಲ್ಲಿಯೂ ಶಾಲೆಗಳಲ್ಲಿಯೂ ಎಷ್ಟೋ ಇವೆ. ಅವನ್ನು ಗುಜರಿಗೆ ಹಾಕುವ ಮೊದಲು ಲಿನಕ್ಸನ್ನು ಹಾಕಿ ನೋಡುವುದು ಜಾಣತನ. ಓದು, ಬರಹ, ಲೆಕ್ಕ, ಅಂತರಜಾಲ ಇವಿಷ್ಟಕ್ಕೆ ಅಂತಹ ಯಂತ್ರಗಳು ಇನ್ನೂ ಹಲವು ವರ್ಷ ದುಡಿಯಬಲ್ಲವು. ಪತ್ರ ಬರೆಯಲೂ ಲೆಕ್ಕವಿಡಲೂ ಲಿಬ್ರೆಆಫೀಸ್ ಹಣ ತೆರದೆ ದೊರೆಯುತ್ತದೆ. ನೆರೆಯ ಕೇರಳದ ಸರಕಾರಿ ಶಾಲೆಗಳಲ್ಲಿ ಮಕ್ಕಳು ಗಣಕಯಂತ್ರದ ಪಾಠವನ್ನು ಮುಕ್ತ ತಂತ್ರಾಂಶದ ಮೇಲೆಯೇ ಕಲಿಯುತ್ತಿದ್ದಾರೆ. ಅದು ಅಲ್ಲಿ ಸಾಧ್ಯವಾದರೆ ರಾಯಚೂರು ಜಿಲ್ಲೆಯಲ್ಲಿ ಸಾಧ್ಯವಾಗದೆ ಇರಲು ಕಾರಣವಿಲ್ಲ.

ಇದಕ್ಕೆಲ್ಲ ಪ್ರತಿಸಲವೂ ಬೆಂಗಳೂರಿಗೇ ಓಡಬೇಕೆಂಬುದೂ ಇಲ್ಲ. ಸೆಪ್ಟೆಂಬರ್ ತಿಂಗಳ ಮೂರನೆಯ ಶನಿವಾರವನ್ನು ಲೋಕದ ಹಲವು ಕಡೆಗಳಲ್ಲಿ ೨೦೦೬ರಿಂದ ತಂತ್ರಾಂಶ ಸ್ವಾತಂತ್ರ್ಯ ದಿನವೆಂದು ಆಚರಿಸುತ್ತಾರೆ. ಆ ದಿನ ಸಿಂಧನೂರಿನ ಕಾಲೇಜಿನ ಪಡಸಾಲೆಯಲ್ಲಾಗಲಿ, ಲಿಂಗಸುಗೂರಿನ ಗ್ರಂಥಾಲಯದ ಮುಂದಾಗಲಿ, ಮಸ್ಕಿಯ ಶಾಲೆಯೊಂದರಲ್ಲಾಗಲಿ ಒಂದು ಮೇಜನ್ನು ಹಾಕಿದರೆ ಸಾಕು. ಒಂದು ಲ್ಯಾಪ್‌ಟಾಪು, ಲಿನಕ್ಸ್ ತುಂಬಿದ ಎರಡು ಪೆನ್‌ಡ್ರೈವು, ಒಂದು ನೋಟುಬುಕ್ಕು, ನಾಲ್ವರು ಗೆಳೆಯರು ಇದ್ದರೆ ಅದೇ ಒಂದು ಮಳಿಗೆ. ಹಳೆಯ ಕಂಪ್ಯೂಟರನ್ನು ತಂದವರಿಗೆ ಅದನ್ನು ಜೀವಂತಗೊಳಿಸಿ ಕೊಡಬಹುದು. ಆದರೆ ಅದಕ್ಕೆ ಮುಂಚೆ ಅದರೊಳಗಿನ ಭಾವಚಿತ್ರಗಳನ್ನೂ ಕಾಗದಪತ್ರಗಳನ್ನೂ ಬೇರೆಡೆ ಪ್ರತಿಮಾಡಿಟ್ಟುಕೊಂಡಿರುವರೇ ಎಂದು ಕೇಳಲು ಮರೆಯಬಾರದು. ಮನೆಯವರ ಚಿತ್ರಗಳು ಹೋದರೆ ಯಾವ ಸ್ವಾತಂತ್ರ್ಯವೂ ಅವರಿಗೆ ರುಚಿಸದು. ಹೆಣ್ಣುಮಕ್ಕಳಿಗೂ ಈ ಮೇಜಿನ ಹಿಂದೆ ಸಮಾನ ಸ್ಥಾನವಿರಲಿ. ಅಂಟುಚೀಟಿ ಹಂಚುವ ಕೆಲಸವನ್ನಷ್ಟೇ ಅವರಿಗೆ ಒಪ್ಪಿಸಿ ಯಂತ್ರವನ್ನು ಗಂಡುಮಕ್ಕಳೇ ಹಿಡಿದು ಕೂಡುವುದು ಶೋಭಿಸದು.

ತಾಯಿತಂದೆಗಳಲ್ಲಿ ನಮ್ಮದೊಂದು ವಿಜ್ಞಾಪನೆಯುಂಟು. ಪರೀಕ್ಷೆಯ ಓದನ್ನು ಕೆಡಿಸಿಕೊಂಡು ಹೋಗಬೇಡವೆಂದು ಮಕ್ಕಳಿಗೆ ಅವಶ್ಯವಾಗಿ ಹೇಳಿರಿ. ದಾರಿಯ ಖರ್ಚಿನ ಲೆಕ್ಕವನ್ನೂ ಕೇಳಿರಿ. ಆದರೆ ಕೂಲಿಯಿಲ್ಲವೆಂಬ ಒಂದೇ ಕಾರಣಕ್ಕೆ ಅವರನ್ನು ತಡೆಯಬೇಡಿರಿ. ಅಪರಿಚಿತರೊಡನೆ ನಯವಾಗಿ ಮಾತನಾಡುವುದು, ತಿಳಿಯದುದನ್ನು ತಿಳಿಯದೆಂದು ಹೇಳುವುದು, ಗೆಳೆಯನು ದಣಿದಾಗ ಅವನ ಸ್ಥಾನದಲ್ಲಿ ನಿಲ್ಲುವುದು, ಇವನ್ನು ಎರಡು ದಿನಗಳಲ್ಲಿ ಕಲಿಸುವ ಪಾಠಶಾಲೆಗಳು ಬಹಳವಿಲ್ಲ. ಅದಕ್ಕೂ ಮಿಗಿಲಾಗಿ, ನಮ್ಮ ಹೆಸರುಗಳನ್ನು ನಮ್ಮ ಅಕ್ಷರಗಳಲ್ಲಿ ಸರಿಯಾಗಿ ಬರೆಯಲು ಯಂತ್ರಗಳಿಗೆ ಕಲಿಸುವ ಕೆಲಸವು ನಮ್ಮದೇ. ಅದನ್ನು ನಾವು ಮಾಡದಿದ್ದರೆ ಹೊರಗಿನವರು ತಮಗೆ ತಿಳಿದಷ್ಟನ್ನು ಮಾಡಿ ಸುಮ್ಮನಾಗುವರು. ಮುಂದಿನ ಸೆಪ್ಟೆಂಬರಿನಲ್ಲಿ ನಮ್ಮ ಮೂರು ಊರುಗಳಲ್ಲಿ ಒಂದರಲ್ಲಿಯಾದರೂ ಇಂತಹ ಮೇಜೊಂದು ಹಾಕಲ್ಪಟ್ಟರೆ, ವಾಚಕರು ಮನೆಯ ಹಳೆಯ ಯಂತ್ರವನ್ನೂ ಕಾಗುಣಿತದ ತಿಳಿವಳಿಕೆಯನ್ನೂ ಹೊತ್ತು ಅಲ್ಲಿಗೆ ಬರಬೇಕೆಂದು ಕೋರುತ್ತೇವೆ.